ಹೊಸ ಕೋಳಿ ಮರಿಗಳಿಗೆ ಮೊದಲ ವಾರದ ನೀರು: ಏನು ಬೆರೆಸಬೇಕು ಎಂದು ಕೇಳುವ ಮುನ್ನ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಕೋಳಿ ಸಾಕಣೆಯ ಬಗ್ಗೆ ವಿಚಾರಿಸುವವರ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ನಾಳೆ ಮರಿ ಬರುತ್ತಿವೆ, ನೀರಿಗೆ ಏನು ಬೆರೆಸಬೇಕು?’ ಬೆಲ್ಲವೇ, ಗ್ಲೂಕೋಸೇ, ಓಆರ್‌ಎಸ್ಸೇ, ಅರಿಶಿನವೇ, ಔಷಧದ ಅಂಗಡಿಯವರು ಕೊಟ್ಟ ಪುಡಿಯೇ? ಆ ಬೆರಕೆಯನ್ನು ಯಾವ ನೀರಿಗೆ ಹಾಕುತ್ತೀರಿ ಎಂದು ತಿರುಗಿ ಕೇಳಿದರೆ, ‘ಇನ್ನೇನು, ಬೋರ್‌ವೆಲ್ ನೀರು’ ಎನ್ನುತ್ತಾರೆ. ತೊಡಕು ಅಲ್ಲಿಯೇ ಇದೆ. ನಮ್ಮ ಕಡೆಯ ಬಹಳಷ್ಟು ಕೊಳವೆ ಬಾವಿಗಳ ನೀರು ಸವಳು. ದೊಡ್ಡ ಕೋಳಿ ಅದನ್ನು ಕುಡಿದು ದಕ್ಕಿಸಿಕೊಂಡೀತು. ನಿನ್ನೆ ಮೊಟ್ಟೆಯಿಂದ ಹೊರಬಂದ ಮರಿಗೆ ಅದು ಹೊರೆ.

ಬೆರಕೆಗಿಂತ ನೀರು ಮುಖ್ಯ. ಯಾವ ನೀರು, ಎಷ್ಟು ಬೆಚ್ಚಗೆ, ಎಷ್ಟು ಹತ್ತಿರ, ದಿನಕ್ಕೆ ಎಷ್ಟು ಸಲ ಬದಲಾಯಿಸಿದ್ದು ಎಂಬ ನಾಲ್ಕು ಸರಿಯಾಗಿದ್ದರೆ ಐದನೆಯದರ ಅಗತ್ಯ ಅಪರೂಪ. ಕೆಳಗಿನ ಕ್ರಮವನ್ನು ನೂರು ಮರಿಗಳ ಲೆಕ್ಕದಲ್ಲಿ ಬರೆದಿದ್ದೇನೆ. ಗಿರಿರಾಜ, ಸ್ವರ್ಣಧಾರ, ಕಾವೇರಿ, ವನರಾಜ ಅಥವಾ ಜವಾರಿ, ಯಾವ ತಳಿಯಾದರೂ ಮೊದಲ ವಾರದ ನೀರಿನ ಕ್ರಮದಲ್ಲಿ ವ್ಯತ್ಯಾಸವಿಲ್ಲ. ಬ್ರಾಯ್ಲರ್ ಮರಿಗಳು ಸ್ವಲ್ಪ ಹೆಚ್ಚು ಕುಡಿಯುತ್ತವೆ, ಅಷ್ಟೇ.

ಹಂತ 1: ನೀರಿನ ಮೂಲವನ್ನು ವಾರ ಮೊದಲೇ ಗೊತ್ತುಮಾಡಿ

ಮರಿಗಳ ಮುಂಗಡ ಕೊಟ್ಟ ದಿನವೇ ನಿಮ್ಮ ನೀರಿನ ಟಿಡಿಎಸ್ ನೋಡಿಕೊಳ್ಳಿ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಪ್ರಮಾಣ. ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಪೆನ್ನಿನಂತಹ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕ ನಡೆಸುವವರ ಬಳಿಯೂ ಇರುತ್ತದೆ. ಒಂದು ಲೋಟ ನೀರು ತೆಗೆದುಕೊಂಡು ಹೋದರೆ ಅರ್ಧ ನಿಮಿಷದ ಕೆಲಸ.

ಕೋಳಿಗಳ ಮಟ್ಟಿಗೆ ಓದುವುದು ಹೀಗೆ. 1000ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 1000ದಿಂದ 3000 ಇದ್ದರೆ ಬೆಳೆದ ಕೋಳಿ ಕುಡಿಯಬಹುದು, ಆದರೆ ಹಿಕ್ಕೆ ನೀರಾಗುತ್ತದೆ. 3000 ದಾಟಿದರೆ ಬೆಳವಣಿಗೆ ಕುಂಠಿತವಾಗುತ್ತದೆ, ಸಾವೂ ಹೆಚ್ಚುತ್ತದೆ. 5000 ಮೇಲ್ಪಟ್ಟ ನೀರನ್ನು ಕೋಳಿಗೆ ಕೊಡಲೇಬಾರದು. ಮರಿಯ ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ, ಹೆಚ್ಚಿನ ಉಪ್ಪನ್ನು ಹೊರಹಾಕುವ ಶಕ್ತಿ ಅದಕ್ಕೆ ಕಡಿಮೆ. ಹಾಗಾಗಿ ಮೊದಲ ವಾರದ ಮಟ್ಟಿಗೆ ಮೇಲಿನ ಲೆಕ್ಕದಲ್ಲಿ ಒಂದು ಮೆಟ್ಟಿಲು ಬಿಗಿ ಮಾಡಿ: 1000 ದಾಟಿದ ನೀರನ್ನು ಮರಿಗೆ ಇಡಬೇಡಿ ಎನ್ನುವುದು ನನ್ನ ಸಲಹೆ.

ಹಾಗಾದರೆ ಯಾವ ನೀರು? ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ತನ್ನಿ. ‘ಮರಿಗೂ ಕ್ಯಾನ್ ನೀರೇ?’ ಎಂದು ಹುಬ್ಬೇರಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಮರಿ ತಿನ್ನುವ ಆಹಾರದ ತೂಕದ ಸುಮಾರು ಎರಡು ಪಟ್ಟು ನೀರು ಕುಡಿಯುತ್ತದೆ. ನೂರು ಮರಿಗಳಿಗೆ ಮೊದಲ ದಿನ ಎರಡರಿಂದ ಮೂರು ಲೀಟರ್ ಸಾಕು. ವಾರದ ಕೊನೆಗೆ ಜವಾರಿ ಮತ್ತು ಸುಧಾರಿತ ನಾಟಿ ತಳಿಗಳಾದರೆ ದಿನಕ್ಕೆ ಮೂರು ನಾಲ್ಕು ಲೀಟರ್, ಬ್ರಾಯ್ಲರ್ ಆದರೆ ಆರು ಲೀಟರ್‌ವರೆಗೆ. ಚೆಲ್ಲುವುದನ್ನೂ ಸೇರಿಸಿ ಇಡೀ ವಾರಕ್ಕೆ 20 ಲೀಟರಿನ ಎರಡು ಕ್ಯಾನ್, ಬಿರುಬೇಸಿಗೆಯಲ್ಲಿ ಮೂರು. ಒಂದು ಸತ್ತ ಮರಿಯ ಬೆಲೆಯೂ ಆಗದ ಖರ್ಚು ಇದು. ಪಾತ್ರೆ ತೊಳೆಯುವುದಕ್ಕೆ ಬೋರ್‌ವೆಲ್ ನೀರು ನಡೆಯುತ್ತದೆ, ಕೊನೆಯ ಜಾಲನೆ ಮಾತ್ರ ಒಳ್ಳೆಯ ನೀರಿನಲ್ಲಿ ಮಾಡಿ.

ಒಂದು ಎಚ್ಚರಿಕೆ. ಘಟಕದ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಉಳಿದಿರುವುದಿಲ್ಲ. ಮುಚ್ಚಳ ತೆಗೆದು ಶೆಡ್ಡಿನಲ್ಲಿ ಇಟ್ಟು, ಅದರೊಳಗೆ ಮಗ್ಗು ಅದ್ದುತ್ತಾ ಹೋದರೆ ಎರಡು ಮೂರು ದಿನಕ್ಕೆ ಕ್ಯಾನಿನ ಒಳಮೈ ಲೋಳೆಗಟ್ಟುತ್ತದೆ. ನಲ್ಲಿ ಇರುವ ಕ್ಯಾನ್ ಬಳಸಿ, ಅಥವಾ ಬಗ್ಗಿಸಿ ಸುರಿಯಿರಿ. ವಾರದ ನೀರನ್ನು ಒಂದೇ ಸಲ ತಂದಿಡಬೇಡಿ, ಒಂದು ಮುಗಿದ ಮೇಲೆ ಇನ್ನೊಂದು ತನ್ನಿ.

ಬೋರ್‌ವೆಲ್ ನೀರನ್ನು ಕುದಿಸಿದರೆ ಸಾಲದೇ ಎಂದು ಕೇಳುವವರಿಗೆ: ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಆವಿ ಹೋಗಿ ಉಳಿದ ನೀರಿನಲ್ಲಿ ಉಪ್ಪಿನ ಸಾಂದ್ರತೆ ಇನ್ನಷ್ಟು ಏರುತ್ತದೆ. ತಳದಲ್ಲಿ ಬಿಳಿ ಪದರ ಕಟ್ಟುವುದು ಗಡಸುತನದ ಒಂದು ಭಾಗ ಮಾತ್ರ. ಅದನ್ನು ನೋಡಿ ಸವಳೆಲ್ಲ ಹೋಯಿತು ಎಂದುಕೊಳ್ಳಬೇಡಿ.

ಕಾಲುವೆ ಊರುಗಳ ಸಂಗತಿ ಬೇರೆ. ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಉಪ್ಪು ಕಡಿಮೆ, ಆದರೆ ಮಣ್ಣು ಮತ್ತು ರೋಗಾಣು ಹೆಚ್ಚು. ಆ ನೀರನ್ನು ಒಂದು ರಾತ್ರಿ ನಿಲ್ಲಿಸಿ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಆರಿಸಿದರೆ ಮರಿಗೆ ಕೊಡಬಹುದು. ಭತ್ತದ ಗದ್ದೆಯಿಂದ ಬಸಿದು ಹಳ್ಳ ಸೇರುವ ನೀರನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ. ಗದ್ದೆಗೆ ಸಿಂಪಡಿಸಿದ್ದೆಲ್ಲ ಅದರಲ್ಲಿ ಇಳಿದಿರುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಹೊಂಡದ ತಳದಲ್ಲಿ ಉಳಿದ ಹಸಿರು ನೀರಿಗೂ ಇದೇ ಮಾತು.

ಫ್ಲೋರೈಡ್ ಬಗ್ಗೆಯೂ ಕೇಳುತ್ತಾರೆ. ಕೊಪ್ಪಳ ಮತ್ತು ರಾಯಚೂರಿನ ಅನೇಕ ಊರುಗಳ ಅಂತರ್ಜಲದಲ್ಲಿ ಅದು ಮಿತಿ ಮೀರಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಕೆಲವೆಡೆ ಆರ್ಸೆನಿಕ್ ಕೂಡ ಕಂಡುಬಂದಿದೆ. ಮರಿಯನ್ನು ಒಂದೇ ವಾರದಲ್ಲಿ ಕಾಡುವವು ಇವಲ್ಲ, ಉಪ್ಪು ಮತ್ತು ರೋಗಾಣುಗಳು. ಆದರೂ ಆ ನೀರನ್ನು ಮನೆಯವರೂ ಕುಡಿಯುತ್ತಿದ್ದರೆ ಪರೀಕ್ಷೆ ಮಾಡಿಸಿ. ಜಲ ಜೀವನ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟಿದ್ದಾರೆ, ಕೇಳಿ ನೋಡಿ. ಗಂಗಾವತಿ, ರಾಯಚೂರು ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ ಈ ಬಗ್ಗೆ ಮಾರ್ಗದರ್ಶನ ಕೇಳಬಹುದು.

ಹಂತ 2: ಪಾತ್ರೆ ಮತ್ತು ಜಾಗ

ಒಂದೂವರೆ ಅಥವಾ ಎರಡು ಲೀಟರಿನ ಮರಿ ಡ್ರಿಂಕರ್ ಕೊಳ್ಳಿ. ಡ್ರಿಂಕರ್ ಎಂದರೆ ಮೇಲೆ ಡಬ್ಬ, ಕೆಳಗೆ ಕಿರಿದಾದ ಅಂಚಿನ ತಟ್ಟೆ ಇರುವ ಪ್ಲಾಸ್ಟಿಕ್ ನೀರಿನ ಪಾತ್ರೆ. ಮರಿ ಕುಡಿದಷ್ಟೇ ನೀರು ತಟ್ಟೆಗೆ ಇಳಿಯುತ್ತದೆ. ಐವತ್ತು ಮರಿಗಳಿಗೆ ಒಂದು ಎಂಬ ಲೆಕ್ಕ ಪುಸ್ತಕದಲ್ಲಿದೆ. ನೂರಕ್ಕೆ ಎರಡರ ಬದಲು ಮೂರು ಇಡಿ, ನಾಲ್ಕನೆಯದು ತೊಳೆದು ಒಣಗಿಸಿದ್ದು ಕೈಯಲ್ಲಿರಲಿ.

ಬೋಗುಣಿ, ತಟ್ಟೆ, ಕತ್ತರಿಸಿದ ಡಬ್ಬ ಇಡುವವರು ಈಗಲೂ ಇದ್ದಾರೆ. ಮರಿ ಅದರಲ್ಲಿ ಇಳಿಯುತ್ತದೆ, ತೊಯ್ಯುತ್ತದೆ, ಹಿಕ್ಕೆ ಹಾಕುತ್ತದೆ, ಮುಳುಗಿಯೂ ಸಾಯುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ತಟ್ಟೆಯ ತುಂಬ ತೊಳೆದ ಬೆಣಚುಕಲ್ಲು ಅಥವಾ ಗೋಲಿ ಹರಡಿ, ಕಲ್ಲುಗಳ ಸಂದಿನಲ್ಲಿ ಕೊಕ್ಕು ಅದ್ದುವಷ್ಟು ಮಾತ್ರ ನೀರು ನಿಲ್ಲುವಂತೆ ಮಾಡಿ.

ಬ್ರೂಡರ್ ಎಂದರೆ ಬಲ್ಬ್ ಅಥವಾ ಬೇರೆ ಶಾಖದ ಕೆಳಗೆ, ತಗಡು ಇಲ್ಲವೇ ರಟ್ಟಿನ ಸುತ್ತುಗಟ್ಟೆಯೊಳಗೆ ಮರಿಗಳನ್ನು ಬೆಚ್ಚಗಿಡುವ ಜಾಗ. ಮೊದಲ ವಾರ ಅಲ್ಲಿ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಡ್ರಿಂಕರ್‌ಗಳನ್ನು ಈ ಬಲ್ಬಿನ ನೇರ ಕೆಳಗೆ ಇಡಬೇಡಿ, ನೀರು ಕಾಯುತ್ತದೆ. ಸುತ್ತುಗಟ್ಟೆಯ ಅಂಚಿಗೂ ತಳ್ಳಬೇಡಿ, ಅಲ್ಲಿ ತಂಪಿದ್ದರೆ ಎಳೆಯ ಮರಿ ನೀರಿಗಾಗಿ ಶಾಖ ಬಿಟ್ಟು ಬರುವುದಿಲ್ಲ. ಬೆಳಕಿನ ವೃತ್ತದ ಅಂಚು ಸರಿಯಾದ ಜಾಗ. ಯಾವ ಮರಿಯೂ ನೀರಿಗಾಗಿ ಒಂದು ಮೀಟರ್‌ಗಿಂತ ಹೆಚ್ಚು ನಡೆಯಬೇಕಾಗಬಾರದು.

ನೆಲಕ್ಕೆ ಹಾಸುವ ಭತ್ತದ ಹೊಟ್ಟಿಗೆ ನಮ್ಮಲ್ಲಿ ಬರವಿಲ್ಲ, ರೈಸ್ ಮಿಲ್ಲುಗಳ ಮುಂದೆ ಗುಡ್ಡೆಯೇ ಬಿದ್ದಿರುತ್ತದೆ. ಆದರೆ ಮರಿಗಳು ಕೆದಕಿದಾಗ ಅದೆಲ್ಲ ಡ್ರಿಂಕರ್ ತಟ್ಟೆಗೆ ಬೀಳುತ್ತದೆ. ಆದ್ದರಿಂದ ಡ್ರಿಂಕರನ್ನು ಒಂದು ಮರದ ಹಲಗೆಯ ಮೇಲೆ ಮಟ್ಟಸವಾಗಿ ಕೂರಿಸಿ. ತಟ್ಟೆಯ ಅಂಚು ಮರಿಯ ಬೆನ್ನಿನ ಎತ್ತರಕ್ಕೆ ಬರಲಿ. ಒಂದು ಕಡೆ ವಾಲಿದರೆ ನೀರು ಚೆಲ್ಲಿ ಹೊಟ್ಟು ನೆನೆಯುತ್ತದೆ. ನೆನೆದ ಹೊಟ್ಟಿನಿಂದ ಅಮೋನಿಯಾ ವಾಸನೆ ಏಳುತ್ತದೆ, ಮುಂದೆ ರಕ್ತಭೇದಿಯೂ ಅಲ್ಲಿಂದಲೇ ಶುರುವಾಗುತ್ತದೆ.

ಹಂತ 3: ಮರಿ ಬರುವ ಕೆಲವು ಗಂಟೆ ಮೊದಲು

ನೀರಿನ ಬಿಸಿ ತಣುವು 20ರಿಂದ 25 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಇದನ್ನು ಹೊಂದಿಸುವ ಬಗೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬೇರೆ ಊರಿನ ಕೈಪಿಡಿಗಳು ನಮಗೆ ಪೂರ್ತಿ ಹೊಂದದಿರುವುದೂ ಇಲ್ಲೇ.

ಡಿಸೆಂಬರ್, ಜನವರಿಯಲ್ಲಿ ರಾತ್ರಿಯಿಡೀ ಹೊರಗಿದ್ದ ನೀರು ಮರಿಯ ಮೈ ಕೊರೆಯುತ್ತದೆ. ಅದನ್ನು ಕುಡಿದ ಮರಿ ಒಳಗಿನಿಂದಲೇ ತಣ್ಣಗಾಗಿ ಮುದುಡಿ ಕೂರುತ್ತದೆ. ಡ್ರಿಂಕರ್‌ಗಳನ್ನು ತುಂಬಿಸಿ ಮೂರು ನಾಲ್ಕು ಗಂಟೆ ಮೊದಲೇ ಬ್ರೂಡರ್ ಒಳಗಿಟ್ಟರೆ ಚಳಿ ಬಿಡುತ್ತದೆ. ಸಮಯವಿಲ್ಲದಿದ್ದರೆ ಸ್ವಲ್ಪ ಬಿಸಿನೀರು ಬೆರೆಸಿ.

ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲವೂ ತಿರುವುಮುರುವು. ಹೊರಗೆ 42 ಡಿಗ್ರಿ ಇರುವಾಗ ತಾರಸಿಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕೈ ಸುಡುತ್ತದೆ. ನೀರು 30 ಡಿಗ್ರಿ ದಾಟಿದಂತೆ ಮರಿಗಳು ಕುಡಿಯುವುದನ್ನು ಕಡಿಮೆ ಮಾಡುತ್ತವೆ. ಬಾಯಾರಿಕೆ ಹೆಚ್ಚಿರುವ ಹೊತ್ತಿನಲ್ಲೇ ನೀರು ಬೇಡವಾಗುತ್ತದೆ. ಪಾತ್ರೆ ತುಂಬಿದೆಯಲ್ಲ ಎಂದು ಸುಮ್ಮನಿರಬೇಡಿ, ಮುಂಗೈ ಅದ್ದಿ ನೋಡಿ. ಬೆಚ್ಚಗೆ ತಾಗಿದರೆ ಬದಲಾಯಿಸಿ. ಇದಕ್ಕೆ ಉತ್ತಮ ಸಾಧನ ಮಣ್ಣಿನ ಗಡಿಗೆ. ಕ್ಯಾನಿನ ನೀರನ್ನು ಗಡಿಗೆಗೆ ಸುರಿದು ಒದ್ದೆ ಗೋಣಿಚೀಲ ಸುತ್ತಿ ನೆರಳಿನಲ್ಲಿಡಿ, ಅಲ್ಲಿಂದ ತೆಗೆದು ಡ್ರಿಂಕರ್ ತುಂಬಿ. ಬೇಸಿಗೆಯಲ್ಲಿ ಡ್ರಿಂಕರನ್ನು ಅರ್ಧ ಮಾತ್ರ ತುಂಬಿಸಿ, ಮಧ್ಯಾಹ್ನ ಎರಡು ಗಂಟೆಗೊಮ್ಮೆ ಬದಲಿಸುವುದು ಮೇಲು. ಫ್ರಿಜ್ ನೀರು, ಮಂಜುಗಡ್ಡೆ ಹಾಕಿದ ನೀರು ಮರಿಗೆ ಬೇಡ.

ದೊಡ್ಡ ಶೆಡ್ಡುಗಳಲ್ಲಿ ನಿಪ್ಪಲ್ ಪೈಪು, ಅಂದರೆ ಮರಿ ಕೊಕ್ಕು ತಾಗಿಸಿದಾಗ ಹನಿ ನೀರು ಬಿಡುವ ತುದಿಗಳಿರುವ ಪೈಪು ಇರುವವರು ಮರಿ ಇಳಿಸುವ ಮುನ್ನ ಪೈಪಿನಲ್ಲಿ ನಿಂತ ಬಿಸಿನೀರನ್ನು ಪೂರ್ತಿ ಹೊರಬಿಡಿ. ಒಂದು ನಿಪ್ಪಲ್‌ಗೆ ಹತ್ತು ಹನ್ನೆರಡು ಮರಿ, ನಿಪ್ಪಲ್ ಮರಿಯ ಕಣ್ಣಿನ ಎತ್ತರಕ್ಕೆ. ಮೊದಲ ಎರಡು ಮೂರು ದಿನ ಚಿಕ್ಕ ಡ್ರಿಂಕರ್‌ಗಳನ್ನೂ ಜೊತೆಗಿಡಿ.

ಹಂತ 4: ಪೆಟ್ಟಿಗೆ ತೆರೆದ ಮೊದಲ ಎರಡು ಗಂಟೆ

ಮೊಟ್ಟೆಯೊಡೆದು ಬರುವ ಮುನ್ನ ಮರಿ ಮೊಟ್ಟೆಯಲ್ಲಿ ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಿಂದ ಎರಡು ಮೂರು ದಿನ ಜೀವ ಹಿಡಿದಿರಬಲ್ಲದು, ಅದಕ್ಕಾಗಿಯೇ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಪೆಟ್ಟಿಗೆಯಲ್ಲಿ ಕಳಿಸಲು ಸಾಧ್ಯವಾಗಿದೆ. ಆದರೆ ಜೀವ ಹಿಡಿದಿರುವುದು ಬೇರೆ, ಚೆನ್ನಾಗಿರುವುದು ಬೇರೆ. ಬಸ್ಸಿನ ಡಿಕ್ಕಿಯ ಸೆಕೆಯಲ್ಲಿ ಬಂದ ಮರಿಯ ಮೈಯ ನೀರು ದಾರಿಯಲ್ಲಿಯೇ ಆರಿರುತ್ತದೆ.

ಪೆಟ್ಟಿಗೆ ತೆರೆದ ಕೂಡಲೇ ಕಾಲು ನೋಡಿ. ಕಾಲು ತುಂಬಿಕೊಂಡು ಮೇಣ ಸವರಿದಂತೆ ಹೊಳೆಯುತ್ತಿದ್ದರೆ ಒಳ್ಳೆಯದು. ಸುಕ್ಕುಗಟ್ಟಿ ಒಣಗಿ, ರಕ್ತನಾಳ ಎದ್ದು ಕಂಡರೆ ಮೈಯಲ್ಲಿ ನೀರಿಲ್ಲ ಎಂದರ್ಥ. ಅಂತಹವನ್ನು ಮೊದಲು ಇಳಿಸಿ.

ಇಳಿಸುವ ಕ್ರಮ ಹೀಗಿರಲಿ. ಮರಿಯನ್ನು ಅಂಗೈಯಲ್ಲಿ ಹಿಡಿದು ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ತಾಗಿಸಿ. ಮೂಗಿನ ರಂಧ್ರಕ್ಕೆ ನೀರು ಹೋಗಬಾರದು. ಅದು ತಲೆಯೆತ್ತಿ ನುಂಗಿದ ಮೇಲೆ ಡ್ರಿಂಕರ್ ಪಕ್ಕದಲ್ಲಿಯೇ ಬಿಡಿ. ನೂರು ಮರಿಗಳಾದರೆ ಪ್ರತಿಯೊಂದಕ್ಕೂ ಹೀಗೆ ಮಾಡಿ, ಮನೆಯಲ್ಲಿ ಇಬ್ಬರು ಕುಳಿತರೆ ಬೇಗ ಮುಗಿಯುತ್ತದೆ. ಸಾವಿರ ಇದ್ದರೆ ನೂರಕ್ಕೆ ಐದೋ ಹತ್ತೋ ಸಾಕು, ಉಳಿದವು ನೋಡಿ ಕಲಿಯುತ್ತವೆ. ಮಕ್ಕಳು ಸಂತೋಷದಿಂದ ಈ ಕೆಲಸಕ್ಕೆ ಕೂರುತ್ತಾರೆ. ಕೈ ತೊಳೆಸಿ ಕೂರಿಸಿ, ಮುಗಿದ ಮೇಲೂ ಸೋಪಿನಿಂದ ತೊಳೆಸಿ.

ಮೊದಲು ನೀರು, ಆಮೇಲೆ ಆಹಾರ. ಒಂದರಿಂದ ಎರಡು ಗಂಟೆಯ ಅಂತರ ಸಾಕು. ಹೊಟ್ಟೆ ಶುದ್ಧವಾಗಲಿ ಎಂದು ಅರ್ಧ ದಿನ ಬರೀ ನೀರಿನ ಮೇಲಿಡುವ ರೂಢಿ ಕೆಲವೆಡೆ ಇದೆ, ಅದರಿಂದ ಲಾಭವಿಲ್ಲ. ತಡವಾಗಿ ತಿಂದ ಮರಿ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತದೆ.

ಬಹಳ ಬಾಯಾರಿ ಬಂದ ಮರಿಗಳು ಒಂದರ ಮೇಲೊಂದು ಬಿದ್ದು ತೊಯ್ದು ಹೋಗುತ್ತವೆ. ತೊಯ್ದ ಮರಿಯನ್ನು ಬಟ್ಟೆಯಲ್ಲಿ ಒರಸಿ ಬಲ್ಬಿನ ಹತ್ತಿರ ಬಿಡಿ. ನುಗ್ಗಾಟ ಹೆಚ್ಚಿದರೆ ಕೈಯಲ್ಲಿರುವ ನಾಲ್ಕನೆಯ ಡ್ರಿಂಕರನ್ನು ಆಗ ಇಳಿಸಿ.

ಹಂತ 5: ಈಗ ಬೆರಕೆಯ ಮಾತು

ಬೆಲ್ಲ ಅಥವಾ ಸಕ್ಕರೆ: ಮರಿಗಳು ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಬಂದು ಚುರುಕಾಗಿ ಓಡಾಡುತ್ತಿದ್ದರೆ ಬೇಡ. ಒಂದು ದಿನಕ್ಕಿಂತ ಹೆಚ್ಚು ಪ್ರಯಾಣ ಮಾಡಿ ಸೋತಿದ್ದರೆ ಲೀಟರ್‌ಗೆ 50 ಗ್ರಾಂ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮೊದಲ ಆರರಿಂದ ಹನ್ನೆರಡು ಗಂಟೆ ಮಾತ್ರ ಕೊಡಿ. ಸಕ್ಕರೆ ಅಥವಾ ಗ್ಲೂಕೋಸ್ ಆದರೂ ಅಳತೆ ಇದೇ. ನಮ್ಮ ಸೆಕೆಗೆ ಬೆಲ್ಲದ ನೀರು ಬೇಗ ಹುಳಿಯುತ್ತದೆ, ಮೂರು ಗಂಟೆಗೊಮ್ಮೆ ಚೆಲ್ಲಿ ಹೊಸದು ಮಾಡಿ. ಮೂರು ನಾಲ್ಕು ದಿನ ಬೆಲ್ಲದ ನೀರು ಮುಂದುವರಿಸಿದವರ ಮರಿಗಳಲ್ಲಿ ಹಿಕ್ಕೆ ಅಂಟಂಟಾಗಿ ಹಿಂಭಾಗ ಮುಚ್ಚಿಹೋಗುವುದು ಸಾಮಾನ್ಯ. ಹಾಗಾದರೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆತ್ತಗೆ ಮಾಡಿ ಒರಸಿ ತೆಗೆಯಿರಿ.

ಎಲೆಕ್ಟ್ರೊಲೈಟ್ ಪುಡಿ ಅಥವಾ ಓಆರ್‌ಎಸ್: ಇದು ಮೈಯಿಂದ ಆರಿದ ಲವಣಗಳನ್ನು ತುಂಬಿಕೊಡುವ ಪುಡಿ, ಅಂದರೆ ಅದರಲ್ಲಿ ಉಪ್ಪು ಇದ್ದೇ ಇರುತ್ತದೆ. ಸವಳು ನೀರಿಗೆ ಇದನ್ನು ಹಾಕುವುದು ಉಪ್ಪಿನ ಮೇಲೆ ಉಪ್ಪು ಸುರಿದಂತೆ. ನಮ್ಮ ಭಾಗದಲ್ಲಿ ಒಳ್ಳೆಯ ಉದ್ದೇಶದಿಂದ ನಡೆಯುವ ಕೆಡುಕುಗಳಲ್ಲಿ ಇದೇ ದೊಡ್ಡದು ಎನ್ನುತ್ತೇನೆ. ಮರಿಗೆ ನೀರಾಗಿ ಭೇದಿಯಾಗುತ್ತದೆ, ಅದನ್ನು ನೋಡಿ ಇನ್ನೊಂದು ಚಮಚ ಹಾಕುತ್ತಾರೆ. ಘಟಕದ ನೀರು ಬಳಸುವವರು ಬೇಸಿಗೆಯ ಮೊದಲ ದಿನ ಪೊಟ್ಟಣದ ಮೇಲೆ ಬರೆದ ಅಳತೆಯಲ್ಲಿ ಕೊಡಬಹುದು. ಬೋರ್‌ವೆಲ್ ನೀರು ಬಳಸುವವರಿಗೆ ಬೇಡ. ಅಡುಗೆ ಉಪ್ಪನ್ನು ಕೈಯಂದಾಜಿನಲ್ಲಿ ಹಾಕುವುದಂತೂ ಬೇಡವೇ ಬೇಡ.

ಆಂಟಿಬಯೋಟಿಕ್: ಮರಿಯ ಜೊತೆಗೆ ಅಂಗಡಿಯವರು ಒಂದು ಬಾಟಲಿಯನ್ನೂ ಕೈಗಿಡುತ್ತಾರೆ. ಪಶುವೈದ್ಯರು ನೋಡಿ ಹೇಳದೆ ಹಾಕಬೇಡಿ. ರೋಗವಿಲ್ಲದ ಮರಿಗೆ ಕೊಟ್ಟ ಔಷಧ ಮುಂದೆ ರೋಗ ಬಂದಾಗ ಕೆಲಸ ಮಾಡದಂತಾಗುತ್ತದೆ. ಇನ್ನೊಂದು ವಿಷಯ ಗಡಸು ನೀರಿನವರಿಗೆ: ಟೆಟ್ರಾಸೈಕ್ಲಿನ್‌ನಂತಹ ಔಷಧಗಳು ನೀರಿನ ಕ್ಯಾಲ್ಸಿಯಂ ಜೊತೆ ಕಚ್ಚಿಕೊಂಡು ಮರಿಯ ಮೈಗೆ ಸರಿಯಾಗಿ ಸೇರುವುದೇ ಇಲ್ಲ. ವೈದ್ಯರು ಹೇಳಿದಾಗಲೂ ಘಟಕದ ನೀರಿನಲ್ಲಿಯೇ ಬೆರೆಸಿ. ಕೊಲಿಸ್ಟಿನ್ ಇರುವ ಹಳೆಯ ಪೊಟ್ಟಣವನ್ನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಕೋಳಿಗೆ ಅದರ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ.

ಅರಿಶಿನ, ಮಜ್ಜಿಗೆ, ಬೆಳ್ಳುಳ್ಳಿ ರಸ ಇವೆಲ್ಲ ಡ್ರಿಂಕರ್ ತಳದಲ್ಲಿ ಕೂತು ಕೊಳೆಯುತ್ತವೆ. ಮೊದಲ ವಾರ ದೂರವಿಡಿ.

ಹಂತ 6: ಕುಡಿದಿವೆಯೇ ಎಂದು ಕೈಯಿಂದಲೇ ತಿಳಿಯಿರಿ

ಡ್ರಿಂಕರ್ ಮಟ್ಟ ಇಳಿದಿದೆ ಎಂದರೆ ಎಲ್ಲವೂ ಕುಡಿದಿವೆ ಎಂದಲ್ಲ. ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ತಿಂದದ್ದು ಮೊದಲು ಕೂಡುವ ಒಂದು ಚೀಲವಿದೆ, ಅದನ್ನು ಕ್ರಾಪ್ ಎನ್ನುತ್ತಾರೆ. ಬೇರೆ ಬೇರೆ ಮೂಲೆಗಳಿಂದ ಮೂವತ್ತು ನಲವತ್ತು ಮರಿಗಳನ್ನು ಹಿಡಿದು ಅದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ.

ಚೀಲ ದುಂಡಗೆ, ಮೆತ್ತಗೆ ಇದ್ದರೆ ಮರಿ ತಿಂದಿದೆ, ಕುಡಿದಿದೆ. ಗಟ್ಟಿಯಾಗಿ ಕಾಳು ಕಾಳಾಗಿ ತಾಗಿದರೆ ತಿಂದಿದೆ, ನೀರು ಸಿಕ್ಕಿಲ್ಲ. ಬಲೂನಿನಂತೆ ಉಬ್ಬಿ ತುಳುಕುತ್ತಿದ್ದರೆ ಬರೀ ನೀರು ಕುಡಿದಿದೆ. ಏನೂ ಸಿಗದಿದ್ದರೆ ಎರಡೂ ಇಲ್ಲ. ಇಳಿಸಿದ ಎರಡು ಗಂಟೆಗೆ ನೂರಕ್ಕೆ 75 ಮರಿಗಳ ಕ್ರಾಪ್ ತುಂಬಿರಬೇಕು, ಹನ್ನೆರಡು ಗಂಟೆಗೆ 85, ಮರುದಿನ ಅದೇ ಹೊತ್ತಿಗೆ 95.

ಕಡಿಮೆ ಬಂದರೆ ಔಷಧ ಹುಡುಕಬೇಡಿ. ಮೊದಲು ಶಾಖ ನೋಡಿ: ಮರಿಗಳು ಬಲ್ಬಿನ ಕೆಳಗೆ ಗುಂಪುಗಟ್ಟಿದ್ದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದಿದ್ದರೆ ಸೆಕೆ. ಆಮೇಲೆ ಬೆಳಕು. ಮೊದಲ ಮೂರು ದಿನ ಇಪ್ಪತ್ಮೂರು ಗಂಟೆ ಬೆಳಕಿರಬೇಕು, ಕತ್ತಲಲ್ಲಿ ಮರಿ ನೀರು ಹುಡುಕುವುದಿಲ್ಲ. ರಾತ್ರಿ ಕರೆಂಟ್ ಹೋಗುವ ಊರಿನಲ್ಲಿ ಚಾರ್ಜರ್ ದೀಪ ತುಂಬಿಸಿ ಇಟ್ಟುಕೊಳ್ಳಿ. ಎರಡೂ ಸರಿಯಿದ್ದರೆ ಖಾಲಿ ಕ್ರಾಪ್ ಇರುವ ಮರಿಗಳನ್ನು ಆರಿಸಿ ಮತ್ತೆ ಕೊಕ್ಕು ಅದ್ದಿಸಿ.

ನೀರು ಸಾಲದ ಮರಿ ಮೊದಲ ದಿನವೇ ಸಾಯುವುದಿಲ್ಲ, ಅದೇ ಜನರನ್ನು ದಾರಿ ತಪ್ಪಿಸುತ್ತದೆ. ಮೂರರಿಂದ ಐದನೇ ದಿನಕ್ಕೆ ಸಾವು ಶುರುವಾಗುತ್ತದೆ. ಕೊಯ್ದು ನೋಡಿದರೆ ಹೃದಯ, ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಇರುತ್ತದೆ. ಇದಕ್ಕೆ ಗೌಟ್ ಎನ್ನುತ್ತಾರೆ. ಮೂತ್ರಪಿಂಡ ಹೊರಹಾಕಲಾಗದ ಯೂರಿಕ್ ಆಮ್ಲದ ಲವಣ ಒಳಗೇ ಕಟ್ಟಿಕೊಳ್ಳುವುದು. ಇದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಮೊದಲ ವಾರದಲ್ಲಿ ಕಂಡರೆ ದಾರಿಯ ಬಾಯಾರಿಕೆ ಮತ್ತು ಮೊದಲ ದಿನದ ನೀರು, ಈ ಎರಡನ್ನೂ ಮೊದಲು ಶಂಕಿಸಿ. ಆಗ ಹ್ಯಾಚರಿಯವರೊಂದಿಗೆ ಜಗಳಕ್ಕೆ ನಿಲ್ಲುವ ಮುನ್ನ ಡ್ರಿಂಕರ್‌ಗಳನ್ನು ಎಣಿಸಿ.

ಹಂತ 7: ದಿನನಿತ್ಯದ ತೊಳೆಯುವಿಕೆ

ನೀರು ಬದಲಾಯಿಸುವುದು ಎಂದರೆ ಇದ್ದದ್ದರ ಮೇಲೆ ಸುರಿದು ತುಂಬಿಸುವುದಲ್ಲ. ಚೆಲ್ಲಿ, ಉಜ್ಜಿ, ತೊಳೆದು ತುಂಬಿಸುವುದು. ಬೆಳಿಗ್ಗೆ ಸಂಜೆ ಕಡ್ಡಾಯ, ನಡುವೆ ಹಿಕ್ಕೆ ಅಥವಾ ಹೊಟ್ಟು ಬಿದ್ದಾಗಲೆಲ್ಲ. ತಟ್ಟೆಯ ಅಂಚಿನ ಒಳಗೆ ಬೆರಳಾಡಿಸಿ, ಜಾರಿದರೆ ಅದು ಲೋಳೆ. ತೊಳೆದ ನೀರನ್ನು ಬ್ರೂಡರ್ ಹತ್ತಿರ ಚೆಲ್ಲಬೇಡಿ. ದಿನಕ್ಕೊಮ್ಮೆ ಒಂದು ಡ್ರಿಂಕರನ್ನು ಬಿಸಿಲಿನಲ್ಲಿ ಒಣಗಿಸಿ. ಆ ಸೌಲಭ್ಯವನ್ನು ನಮ್ಮ ಸೂರ್ಯ ಧಾರಾಳವಾಗಿ ಕೊಟ್ಟಿದ್ದಾನೆ.

ಸಾವಿರ ಲೀಟರಿನ ಟ್ಯಾಂಕ್‌ನಿಂದ ನೀರು ಕೊಡುವವರು ಕ್ಲೋರಿನ್ ಬಳಸಬೇಕು. ಸೀಲು ಒಡೆಯದ ಹೊಸ ಬ್ಲೀಚಿಂಗ್ ಪುಡಿಯಲ್ಲಿ ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುತ್ತದೆ. ಅದನ್ನು ಸಾವಿರ ಲೀಟರ್‌ಗೆ 10 ಗ್ರಾಂ ಹಾಕಿದರೆ ಲೀಟರ್‌ಗೆ ಸುಮಾರು 3 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ, ಅಷ್ಟು ಸಾಕು. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಒಂದು ಗಂಟೆಯಾದ ಮೇಲೆ ಬಳಸಿ. ಬಾಯಿ ತೆರೆದ ಪೊಟ್ಟಣ ನಾಲ್ಕಾರು ವಾರ ಶೆಡ್ಡಿನಲ್ಲಿ ಬಿದ್ದಿದ್ದರೆ ಅದರ ಕ್ಲೋರಿನ್ ಕಡಿಮೆಯಾಗಿರುತ್ತದೆ. ಕ್ಯಾನ್ ನೀರು ಬಳಸುವ ಸಣ್ಣ ಸಾಕಣೆದಾರರಿಗೆ ಇಷ್ಟು ಕಡಿಮೆ ಪ್ರಮಾಣವನ್ನು ತೂಗುವುದು ಕಷ್ಟ, ಅವರು ತೊಳೆಯುವುದರ ಮೇಲೆಯೇ ಗಮನವಿಡಲಿ.

ಹಂತ 8: ವಾರದ ನಂತರ, ಮತ್ತು ಲಸಿಕೆಯ ದಿನ

ಎಂಟನೇ ದಿನದಿಂದ ಬೋರ್‌ವೆಲ್ ನೀರಿಗೆ ಬದಲಿಸುವುದಿದ್ದರೆ ಒಮ್ಮೆಲೇ ಬೇಡ. ಮೊದಲ ಎರಡು ದಿನ ಕಾಲು ಭಾಗ, ಮುಂದಿನ ಎರಡು ದಿನ ಅರ್ಧ, ಹೀಗೆ ಏರಿಸಿ. ಹಿಕ್ಕೆ ನೀರಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಟಿಡಿಎಸ್ 3000 ದಾಟಿದ ಬೋರ್‌ವೆಲ್ ಇದ್ದರೆ ಕೋಳಿ ಇರುವಷ್ಟು ದಿನವೂ ಬೇರೆ ನೀರು, ಅಥವಾ ಬೋರ್‌ವೆಲ್ ನೀರಿಗೆ ಒಳ್ಳೆಯ ನೀರು ಸೇರಿಸಿದ್ದೇ ಗತಿ. ಆ ಖರ್ಚನ್ನು ಮರಿ ತರುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಡ್ರಿಂಕರ್ ಗಾತ್ರ ಬದಲಿಸುವಾಗಲೂ ಹಳೆಯದನ್ನು ಎರಡು ಮೂರು ದಿನ ಹೊಸದರ ಪಕ್ಕದಲ್ಲಿಡಿ.

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯನ್ನು ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿ ಹಾಕುತ್ತಾರೆ, ಅದಕ್ಕೂ ಕುಡಿಯುವ ನೀರಿಗೂ ಸಂಬಂಧವಿಲ್ಲ. ಎರಡನೇ ವಾರದ ಕೊನೆಗೆ ಗುಂಬೋರೊ ಎಂಬ ವೈರಸ್ ರೋಗದ ಲಸಿಕೆಯನ್ನು ನೀರಿನಲ್ಲಿ ಕೊಡುವುದಾದರೆ ಮಾತ್ರ ಎಚ್ಚರ ಬೇಕು. ಅದು ಜೀವಂತ ಲಸಿಕೆ, ಕ್ಲೋರಿನ್ ತಾಗಿದರೆ ಸಾಯುತ್ತದೆ. ಎರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸಿ. ಡ್ರಿಂಕರನ್ನು ಸೋಪು, ಬ್ಲೀಚಿಂಗ್ ಇಲ್ಲದೆ ಬರೀ ನೀರಿನಲ್ಲಿ ತೊಳೆಯಿರಿ. ಘಟಕದ ನೀರಿಗೆ ಲೀಟರ್‌ಗೆ 2ರಿಂದ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಇಪ್ಪತ್ತು ನಿಮಿಷ ಬಿಟ್ಟು ಲಸಿಕೆ ಕದಡಿ. ಎರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟೇ ನೀರು ಮಾಡಿ. ಬಾಯಾರಿಸಲೆಂದು ಮೊದಲು ಒಂದೆರಡು ಗಂಟೆ ನೀರು ತೆಗೆಯುವ ಪದ್ಧತಿಯಿದೆ. ನಮ್ಮ ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಬೇಡ, ಅದನ್ನೂ ಸೂರ್ಯ ಏರುವ ಮುನ್ನ ಮುಗಿಸಿ.

ಬ್ರೂಡರ್ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿ, ಪ್ರತಿದಿನ ಎಷ್ಟು ಲೀಟರ್ ಹೋಯಿತು, ಎಷ್ಟು ಮರಿ ಸತ್ತವು ಎಂದು ಬರೆಯಿರಿ. ಮರಿಗೆ ಹುಷಾರು ತಪ್ಪಿದಾಗ ಹೆಚ್ಚಿನ ಸಲ ಮೊದಲು ಬದಲಾಗುವುದು ನೀರಿನ ಲೆಕ್ಕ. ನಿನ್ನೆಗಿಂತ ಇಂದು ಕಡಿಮೆಯಾಗಿದ್ದು, ನೀರು ಬಿಸಿಯಾಗಿಲ್ಲ, ಡ್ರಿಂಕರ್ ಕಟ್ಟಿಕೊಂಡಿಲ್ಲ ಎಂದು ಖಚಿತವಾದರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಅಥವಾ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಆ ಕಾಗದವನ್ನು, ಟಿಡಿಎಸ್ ಅಂಕಿಯನ್ನು ಮತ್ತು ಅದೇ ದಿನ ಸತ್ತ ಒಂದೆರಡು ಮರಿಗಳನ್ನು ಕವರಿನಲ್ಲಿ ಹಾಕಿ ಜೊತೆಗೊಯ್ಯಿರಿ. ನೀರಿಗೆ ಈವರೆಗೆ ಏನೇನು ಬೆರೆಸಿದ್ದೀರಿ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.